ಧೂಳಿಲ್ಲದ ಮನೆ

ಗಾಳಿ ಎದ್ದರೆ ಬಾಯಿ ಮುಚ್ಚಿಕೊಳ್ಳುವುದನ್ನು ಕೆಜಿಎಫ್‌ನಲ್ಲಿ ಯಾರೂ ಹೇಳಿಕೊಡಬೇಕಿಲ್ಲ. ಚಿನ್ನದ ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಚಿನ್ನ ಸೋಸಿ ಅದು ಬಿಟ್ಟುಹೋದ ಸೈನೈಡ್ ಗುಡ್ಡದ ಮಣ್ಣು ಇವತ್ತಿಗೂ ಮೂಗಿಗೆ ನುಗ್ಗುತ್ತದೆ. ಇಲ್ಲಿನ ನಂದಿದುರ್ಗ ಗಣಿಯಲ್ಲಿ ಕಲ್ಲು ಕೊರೆದ ಅಪ್ಪನ ಶ್ವಾಸಕೋಶ ಧೂಳು ಕುಡಿದೇ ಕೆಟ್ಟಿತು. ಮಂಚದಿಂದ ಬಾಗಿಲಿಗೆ ನಡೆದರೂ ಏದುಸಿರು. ಹಾಗಾಗಿ ನಮ್ಮ ಮನೆಯಲ್ಲಿ ಮಾಸ್ಕ್ ಎಂದರೆ ಧೂಳಿಗೆ, ಅಷ್ಟೇ. ಕೊರೊನಾ ಬಂದುಹೋದರೂ ಆ ಲೆಕ್ಕ ಬದಲಾಗಲಿಲ್ಲ.

ನಾನು ಬಂಗಾರಪೇಟೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಕಳೆದ ಚಳಿಗಾಲದಲ್ಲಿ ಅಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಕೆಮ್ಮತೊಡಗಿದರು, ನನಗೂ ಗಂಟಲು ಕಟ್ಟಿತು. ಬಟ್ಟೆಯ ಧೂಳಿಗೆ ಹಾಕಿದ ಮಾಸ್ಕನ್ನು ಊರಿಗೆ ಮರಳುವ ಮಾರಿಕುಪ್ಪಂ ರೈಲಿನಲ್ಲೂ ತೆಗೆಯದೆ, ನನ್ನಂಥ ಜಾಣೆ ಇಲ್ಲವೆಂದುಕೊಂಡು ಮನೆಗೆ ಬಂದೆ.

"ಮನ್ಯಾಗೆ ಧೂಳೆಲ್ಲೈತಮ್ಮ? ತೆಗಿ, ನಿನ್ ಮಕ ಕಾಣ್ಲಿ" ಅಂದರು ಅಪ್ಪ.

ನಿಜ, ಧೂಳಿರಲಿಲ್ಲ. ಇರುವ ಒಂದೇ ಕಿಟಕಿಯ ಸಂದಿಗೂ ನಾನೇ ಬಟ್ಟೆ ತುರುಕಿದ್ದೆ. ಮಾಸ್ಕ್ ತೆಗೆದು ಅವರ ಪಕ್ಕ ಕೂತು, ಕೆಮ್ಮುತ್ತಲೇ ಮುದ್ದೆ ಮುರಿದು ಉಣ್ಣಿಸಿದೆ. ನಾಲ್ಕು ದಿನ ಹೀಗೇ ಮಾಡಿದೆ.

ಐದನೆಯ ದಿನ ಅಪ್ಪನಿಗೆ ಜ್ವರ ಬಂತು. ಆರನೆಯ ದಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು.

"ಮನೆಯಲ್ಲಿ ಯಾರಿಗಾದರೂ ನೆಗಡಿ, ಕೆಮ್ಮು ಇತ್ತಾ?" ಡಾಕ್ಟರ್ ಕೇಳಿದರು.

"ಇಲ್ಲ ಸಾರ್" ಅಂದೆ. ಅಪ್ಪ ಕಣ್ಣು ಮುಚ್ಚಿ ಮಲಗಿದ್ದರು.

ಡಾಕ್ಟರ್ ದೊಡ್ಡ ಪಾಠವನ್ನೇನೂ ಮಾಡಲಿಲ್ಲ. ಕೆಮ್ಮುವಾಗ, ಮಾತಾಡುವಾಗ ಬಾಯಿಂದ ಹಾರುವ ಸಣ್ಣ ಹನಿಗಳಲ್ಲೇ ವೈರಸ್ ಇರುತ್ತದೆ, ಕಾಯಿಲೆಯವರು ಮಾಸ್ಕ್ ಹಾಕಿದರೆ ಬಹುಪಾಲು ಹನಿಗಳನ್ನು ಅದು ಅಲ್ಲೇ ತಡೆಯುತ್ತದೆ, ಹಾಕಿದ ಮಾತ್ರಕ್ಕೆ ಹರಡುವುದೇ ಇಲ್ಲ ಅಂತಲ್ಲ, ಕಡಿಮೆಯಾಗುತ್ತದೆ, ಕಿಟಕಿಯನ್ನೂ ತೆಗೆದಿಡಿ ಅಂದರು. ನನಗೆ ಮೈ ಉರಿಯಿತು. ಉರಿದದ್ದು ಅವರ ಮೇಲಲ್ಲ, ನನ್ನ ಮೇಲೆಯೇ. ಹೊರಗಿನದು ಒಳಗೆ ಬಾರದಂತೆ ಜನ್ಮವಿಡೀ ಕಾದವಳಿಗೆ, ನನ್ನ ಬಾಯಿಂದಲೇ ಹೊರಡುವುದೊಂದಿದೆ ಎಂದು ಹೊಳೆಯಲೇ ಇಲ್ಲವಲ್ಲ!

ಅಪ್ಪ ಉಳಿದರು. ಆದರೆ ಈಗ ಬಾಗಿಲವರೆಗೂ ನಡೆಯಲಾರರು.

ಈ ವರ್ಷ ನನಗೆ ಮತ್ತೆ ಶೀತವಾಯಿತು. ಕಿಟಕಿ ತೆಗೆದು, ಮಾಸ್ಕ್ ಹಾಕಿಕೊಂಡೇ ತಟ್ಟೆ ಹಿಡಿದು ಹೋದೆ. ಅಪ್ಪ ನನ್ನ ಮಾಸ್ಕನ್ನೇ ನೋಡಿದರು. ನನಗೆ ತಡೆಯಲಾಗಲಿಲ್ಲ.

"ಓದ್ಸಲ ನಿಂಗೆ ನನ್ನಿಂದ್ಲೇ ಬಂದಿದ್ದಪ್ಪ. ಡಾಕ್ಟ್ರತ್ರ ಸುಳ್ಳೇಳ್ದೆ."

"ಗೊತ್ತು ಕಣಮ್ಮ" ಅಂದರು, ಉಸಿರು ಕೂಡಿಸಿಕೊಂಡು. "ನನ್ನತ್ರಕ್ಕೆ ಇನ್ಯಾರು ಬತ್ತಾರೆ?"