ಹೊಸಮನೆಗೆ ಹೋದ ಪುಸ್ತಕ

ತಿಂಗಳಿಗೊಮ್ಮೆ ನಮ್ಮ ಅಡುಗೆಮನೆಯಲ್ಲಿ ತಿನ್ನಬಾರದ ಅಡುಗೆಯೊಂದು ಬೇಯುತ್ತದೆ. ಮೈದಾಹಿಟ್ಟನ್ನು ನೀರಿನಲ್ಲಿ ಕದಡಿ, ಗಂಟಾಗದಂತೆ ತಿರುವಿ, ಇರುವೆ ಮುಟ್ಟದಿರಲೆಂದು ಚಿಟಿಕೆ ಮೈಲುತುತ್ತು ಬೆರೆಸಿ ಇಳಿಸಿದರೆ ಅಂಟು ಸಿದ್ಧ. ನನ್ನ ಮನೆಯವರು ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಮೂಡುಬಿದಿರೆಯ ಈ ಮನೆಯಿಂದಲೇ ಒಂದು ಪುಟ್ಟ ಮಾಸಪತ್ರಿಕೆ ಹೊರಡಿಸುತ್ತಾರೆ. ಬರೆಯುವುದು, ತಿದ್ದುವುದು ಅವರ ಪಾಲು. ಚಂದಾದಾರರ ವಿಳಾಸದ ಚೀಟಿ ಅಂಟಿಸುವುದು ನನ್ನ ಪಾಲು. ಒಂದೊಂದು ಚೀಟಿ ಒತ್ತುವಾಗಲೂ ‘ಈ ಮನೆಯವರನ್ನು ಚೆನ್ನಾಗಿಡು ತಾಯೀ’ ಎಂದು ಪೊಳಲಿಯ ಅಮ್ಮನನ್ನು ನೆನೆಯುತ್ತೇನೆ. ಜಪಮಾಲೆ ಹಿಡಿದು ಕೂರಲು ಪುರುಸೊತ್ತಿಲ್ಲದವಳಿಗೆ ದೇವರು ಕರುಣಿಸಿದ ಜಪ ಇದೇ ಇರಬೇಕು, ಅಲ್ಲವೇ?

ಈ ಸಲ ಸೋಣ ತಿಂಗಳ, ಎಂದರೆ ನಮ್ಮ ತುಳುನಾಡಿನ ಸಿಂಹ ಮಾಸದ, ಸಂಚಿಕೆಗೆ ಅಂಟು ಒಣಗುವಷ್ಟರಲ್ಲಿ ಅಂಚೆಯವರ ಮುಷ್ಕರ ಬಂತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಗುಡ್ಡ ಹತ್ತಿ ತೋಡಿನ ನೀರು ದಾಟಿ ಮನೆಮನೆಗೆ ನಡೆಯುವವರು, ಅವರಿಗೂ ಸಂಸಾರ ಉಂಟು. ಆದರೆ ಪತ್ರಿಕೆಯ ಕಟ್ಟುಗಳು ದೇವರ ಕೋಣೆಯ ಬಾಗಿಲಿಗೊರಗಿ ಕೂತಲ್ಲಿಯೇ ಕೂತವು. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸವೂ ಹೌದಂತೆ, ಇವರು ಹೇಳುತ್ತಿರುತ್ತಾರೆ. ಹಂಸವೇ ರೆಕ್ಕೆ ಮಡಚಿ ಕೂತರೆ ಸರಸ್ವತಿ ಪ್ರಯಾಣ ಹೊರಡುವುದು ಹೇಗೆ?

ಇವರ ಸಂಕಟ ಮಾತ್ರ ಬೇರೆಯೇ ಆಗಿತ್ತು. “ನೋಡು ಮಾರಾಯ್ತಿ, ಇಷ್ಟು ದಿನ ಆಯ್ತು. ಪುಸ್ತಕ ಬರ್ಲಿಲ್ಲ ಅಂತ ಒಬ್ಬರದ್ದಾದರೂ ಫೋನ್ ಉಂಟಾ?” ನಮ್ಮ ಕಡೆ ಪತ್ರಿಕೆಗೂ ಪುಸ್ತಕವೆಂದೇ ಹೆಸರು.

“ಮುಷ್ಕರ ಅಂತ ಎಲ್ಲರಿಗೂ ಗೊತ್ತುಂಟಲ್ಲ.”

“ಹಾಲು ಬಾರದಿದ್ದರೆ ಕೇಳ್ತಾರೆ, ಕರೆಂಟು ಹೋದರೆ ಕೇಳ್ತಾರೆ. ಇದನ್ನು ಕೇಳುವವರೇ ಇಲ್ಲ. ಯಾರಿಗೂ ಬೇಡದ್ದನ್ನು ಯಾಕೆ ಮಾಡುವುದು? ಇದೇ ಕೊನೆಯ ಸಂಚಿಕೆ ಆಗ್ಲಿ, ನಿಲ್ಲಿಸುವ.”

ನಮ್ಮೂರ ಕನ್ನಡದ ಈ ‘ನಿಲ್ಲಿಸುವ’ ಎಂಬ ಮಾತಿನ ಗಮ್ಮತ್ತು ನಿಮಗೆ ಗೊತ್ತಿರಬಹುದು. ಅದು ‘ನಿಲ್ಲಿಸುತ್ತೇನೆ’ ಅಲ್ಲ. ನಾವಿಬ್ಬರೂ ಸೇರಿ ನಿಲ್ಲಿಸೋಣ ಎಂದು ಅರ್ಥ. ಆ ಒಂದು ‘ವ’ದೊಳಗೆ ನಾನೂ ಇದ್ದೇನೆ. ನಾನು ಒಪ್ಪಲಿಲ್ಲ.

ಮರುದಿನ ಶುಕ್ರವಾರ. ಹೊಸ್ತಿಲ ಪೂಜೆಗೆ ಹೂ ತರಲು ಪೇಟೆಗೆ ಹೋದೆ. ಬಸ್ ನಿಲ್ದಾಣದ ಬಳಿ ಹೂ ಮಾರುವ ಹಮೀದಣ್ಣ ಬಾಳೆಲೆಯಲ್ಲಿ ಮಲ್ಲಿಗೆಯ ಕಟ್ಟುಗಳನ್ನು ಸುತ್ತಿ ಕಂಡಕ್ಟರನ ಕೈಗೆ ಕೊಡುತ್ತಿದ್ದರು. ನನ್ನ ಎದೆಯಲ್ಲಿ ದೀಪ ಹಚ್ಚಿದಂತಾಯಿತು!

“ಹಮೀದಣ್ಣ, ನಿಮ್ಮ ಹೂ ಅಳದಂಗಡಿಗೂ ಹೋಗ್ತದಾ?”

“ಹೋಗ್ತದೆ ಅಕ್ಕ. ಪೊಳಲಿಗೂ ಹೋಗ್ತದೆ, ವಾಮದಪದವಿಗೂ ಹೋಗ್ತದೆ. ಅಲ್ಲಿಯ ಹೂವಿನವರು ಬಸ್ಸಿನಿಂದ ಇಳಿಸಿಕೊಳ್ತಾರೆ. ಯಾಕೆ?”

“ಅದರ ಜೊತೆ ಸರಸ್ವತಿ ಹೋಗಬಹುದಾ?”

ವಿಷಯ ಬಿಡಿಸಿ ಹೇಳಿದ್ದಕ್ಕೆ ಹಮೀದಣ್ಣ ನಕ್ಕುಬಿಟ್ಟರು. “ಮಲ್ಲಿಗೆಯ ಮೇಲೆ ಕೂತುಕೊಳ್ಳದಿದ್ದರೆ ಹೋಗ್ಲಿ ಅಕ್ಕ. ಹೂ ಕೊಂಡುಹೋಗುವವರ ಕೈಯಲ್ಲೇ ಮನೆಗೆ ಮುಟ್ಟಿಸ್ಲಿಕ್ಕೆ ನಾನು ಹೇಳ್ತೇನೆ.”

ಆ ಮಧ್ಯಾಹ್ನದ ಸಂಭ್ರಮವನ್ನು ಏನೆಂದು ಹೇಳಲಿ! ಅಂಚೆಯ ಲೆಕ್ಕದಲ್ಲಿ ಜೋಡಿಸಿದ್ದ ಕಟ್ಟುಗಳನ್ನೆಲ್ಲ ಬಿಚ್ಚಿ, ಹೂವಿನ ದಾರಿಯ ಲೆಕ್ಕದಲ್ಲಿ ಮತ್ತೆ ಕಟ್ಟಿದೆವು. ‘ಹುಚ್ಚು ನಿನಗೆ’ ಎನ್ನುತ್ತಲೇ ಇವರು ದಾರ ಕತ್ತರಿಸಿ ಕೊಟ್ಟರು. ಬಂಟ್ವಾಳದ ಕಡೆಗೊಂದು, ಬೆಳ್ತಂಗಡಿಯ ಕಡೆಗೊಂದು ಬಸ್ಸಿನಲ್ಲಿ ಘಮಘಮಿಸುವ ಹೂವಿನ ಪಕ್ಕ ನಮ್ಮ ಪುಸ್ತಕಗಳು ಕೂತು ಹೊರಟಾಗ, ಮಗಳನ್ನು ಮದುವೆ ಮಾಡಿ ಕಳಿಸಿದವಳಂತೆ ನಿಂತು ನೋಡಿದೆ.

ಮತ್ತೆ ಮೌನ. ಶನಿವಾರ ಇವರು ಚಂದಾ ಹಣ ಹಿಂತಿರುಗಿಸುವ ಮಾತೆತ್ತಿದರು. ನಾನು ದೀಪದ ಬತ್ತಿ ಹೊಸೆದೆ. ಭಾನುವಾರ ಬೆಳಗ್ಗೆ ಫೋನ್ ಬಡಿದುಕೊಂಡಿತು. ಇವರು ಸ್ಪೀಕರ್ ಒತ್ತಿದರು. ವಾಮದಪದವಿನ ಸುಮತಿಯಕ್ಕನ ಸ್ವರ, ಬೆಂಕಿ!

“ನನ್ನ ಪುಸ್ತಕ ಎಲ್ಲಿ ಮೇಷ್ಟ್ರೇ? ಊರಿಗೆಲ್ಲ ಬಂದಿದೆ, ನಮಗೆ ಮಾತ್ರ ಇಲ್ಲ!”

ಕೇಳುತ್ತ ಹೋದಂತೆ ಗೊತ್ತಾಯಿತು. ಸುಮತಿಯಕ್ಕನ ಮಾವನವರು ಇದ್ದಾಗ ಕಟ್ಟಿದ ಚಂದಾ ಅದು. ಚೀಟಿಯಲ್ಲಿ ಇದ್ದದ್ದು ‘ಯಜಮಾನರು, ಹೊಸಮನೆ’ ಎಂದಷ್ಟೇ. ಸುಮತಿಯಕ್ಕನವರದ್ದು ಹಂಚಿನ ಮಾಡಿಗೆ ಪಾಚಿ ಹಿಡಿದ ಹಳೇ ಮನೆ. ಅಜ್ಜನ ಅಜ್ಜ ಕಟ್ಟಿಸಿದಾಗ ಇಟ್ಟ ಹೆಸರು ಹೊಸಮನೆ. ಅಂಚೆಯಣ್ಣನಿಗೆ ಅದು ಗೊತ್ತಿತ್ತು. ಅಲ್ಲಿಯ ಹೂವಿನವನೋ ಈಚೆಗೆ ಆ ಊರಿಗೆ ಬಂದವ. ಗಲ್ಫಿನಿಂದ ಮರಳಿದ ಶಶಿಕಲಾ ಅವರ ಗೃಹಪ್ರವೇಶಕ್ಕೆ ಮೊನ್ನೆ ತಾನೇ ಹೂ ಕೊಟ್ಟಿದ್ದ. ಇದಕ್ಕಿಂತ ಹೊಸ ಮನೆ ಯಾವುದೆಂದು ಅಲ್ಲಿಗೇ ಕಳಿಸಿದ್ದ.

“ಕೇಳ್ಲಿಕ್ಕೆ ಅಂತ ಇವಳ ಮನೆಗೇ ಬಂದಿದ್ದೇನೆ, ಕೊಡುವುದಿಲ್ಲ ಅಂತಾಳೆ!”

ಹಿಂದಿನಿಂದ ಇನ್ನೊಂದು ಸ್ವರ, ಶಶಿಕಲಾ ಅವರದ್ದೇ ಇರಬೇಕು: “ಕೊಡುವುದಿಲ್ಲ ಅಂತ ಎಲ್ಲಿ ಹೇಳಿದೆ ಅಕ್ಕ? ಕಥೆ ಅರ್ಧ ಆಗಿದೆ, ಮುಗಿಸಿ ಕೊಡ್ತೇನೆ ಅಂದೆ.”

“ನೋಡಿ, ನೋಡಿ! ನನ್ನ ಪುಸ್ತಕ, ಓದುವುದು ಇವಳು!”

ಇವರು ಮೆಲ್ಲಗೆ ಕೇಳಿದರು: “ಸುಮತಿಯಕ್ಕ, ಇಷ್ಟು ದಿನ ಯಾಕೆ ಫೋನ್ ಮಾಡ್ಲಿಲ್ಲ?”

“ಎಂಥಕ್ಕೆ ಮಾಡುವುದು? ಅಂಚೆ ಇಲ್ಲದಿದ್ದರೆ ನೀವು ಏನು ಮಾಡ್ತೀರಿ ಪಾಪ! ಹೇಗೂ ಕಳಿಸ್ತೀರಲ್ಲ ಅಂತ ಸುಮ್ಮನಿದ್ದೆವು.”

ಕೇಳದೆ ಇರುವುದೂ ಒಂದು ಬಗೆಯ ನಂಬಿಕೆಯೇ, ಗೆಳೆಯರೇ. ಬೇಡವಾದದ್ದಕ್ಕೂ ಮೌನ, ಬಂದೇ ಬರುತ್ತದೆ ಎಂದು ಕಾಯುವುದಕ್ಕೂ ಮೌನ. ಹೊರಗಿನಿಂದ ಎರಡೂ ಒಂದೇ ಥರ ಕೇಳಿಸುತ್ತವೆ. ನನ್ನ ಎಷ್ಟೋ ಪ್ರಾರ್ಥನೆಗಳಿಗೆ ದೇವರು ಮಾತಾಡದೆ ಕೂತದ್ದನ್ನು ನಾನೂ ತಪ್ಪಾಗಿಯೇ ಓದಿಕೊಂಡಿದ್ದೆನೇನೋ.

ಫೋನ್ ಇಟ್ಟ ಇವರ ಮುಖ ನೋಡಬೇಕಿತ್ತು! ಬೈಸಿಕೊಂಡ ಮನುಷ್ಯ ಇಷ್ಟು ಹಿಗ್ಗಿದ್ದನ್ನು ನಾನು ಕಂಡಿಲ್ಲ. ಹೊಸ ಹಾಳೆ ಎಳೆದುಕೊಂಡು ಮುಂದಿನ ತಿಂಗಳ ಸಂಪಾದಕೀಯಕ್ಕೆ ಕೂತರು. ಮತ್ತೆ ತಲೆಯೆತ್ತಿ, “ಶಶಿಕಲಾ ಅವರಿಗೂ ಒಂದು ಚೀಟಿ ಬರೆದಿಡು ಮಾರಾಯ್ತಿ” ಎಂದರು.

“ವಿಳಾಸ ಏನಂತ ಬರೆಯುವುದು?”

“ಹೊಸಮನೆ...” ಎಂದವರು ತಡೆದು, ತಲೆ ಕೆರೆದುಕೊಂಡು, “ಹೊಸ ಹೊಸಮನೆ ಅಂತ ಬರಿ” ಎಂದರು.