ಮೇಡಂ ಮೇಜಿನ ಮೇಲಿನ ಹಸಿರು ಬಿಲ್ಲೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎರಡು ಪಂಪುಗಳು, ಎರಡಕ್ಕೂ ಸೇರಿ ಒಬ್ಬನೇ ಮೇಸ್ತ್ರಿ. ಮೇಲಿನ ಮಹಡಿಯಲ್ಲಿ ಕಿಡ್ನಿ ಸೋತವರ ರಕ್ತ ತೊಳೆಯುವ ಯಂತ್ರಗಳಿಗೆ ನೀರು ಏರುವುದು ಇಲ್ಲಿಂದಲೇ. ಒಂದು ಓಡಬೇಕು, ಇನ್ನೊಂದು ಕಾಯಬೇಕು. ಕಾಯುವ ಪಂಪಿನ ಕೊರಳಿಗೆ 'ಸಿದ್ಧ' ಎಂಬ ಹಸಿರು ಬಿಲ್ಲೆ. ಸೋಮವಾರಕ್ಕೊಮ್ಮೆ ಮೇಸ್ತ್ರಿ ಪಾಳಿ ಬದಲಿಸುತ್ತಿದ್ದ. "ಕೂತು ತಿನ್ನೋನಿಗೆ ಬೇಗ ತುಕ್ಕು ಹಿಡಿಯುತ್ತೆ" ಎನ್ನುತ್ತಿದ್ದ.

ಕೋಪ ಮಾತ್ರ ಮೂಗಿನ ತುದಿಯಲ್ಲೇ. ನರ್ಸುಗಳು ಅವನಿಗಿಟ್ಟ ಹೆಸರು ಕುಕ್ಕರಣ್ಣ.

ಆರು ತಿಂಗಳ ಹಿಂದೆ ಅವನು ಬಿಡಿಭಾಗಗಳ ಪಟ್ಟಿ ಹಿಡಿದು ಆಡಳಿತದ ಮೇಡಂ ಹತ್ತಿರ ಹೋಗಿದ್ದ. "ಎರಡೆರಡು ಪಂಪ್ ಇರುವಾಗ ಸಾಮಾನು ಯಾಕ್ರೀ ಕೂಡಿಡ್ಬೇಕು?" ಎಂದರು ಅವರು. ಕುಕ್ಕರ್ ಕೂಗಿತು. ಪಟ್ಟಿಯನ್ನು ಅಲ್ಲೇ ಹರಿದು ಬಂದವನು ಮತ್ತೆ ಆ ಬಾಗಿಲು ತುಳಿಯಲಿಲ್ಲ.

ಮೂರು ವಾರದ ಹಿಂದೆ ಓಡುವ ಪಂಪಿನ ಸೀಲು, ಅಂದರೆ ನೀರು ಸೋರದಂತೆ ತಡೆಯುವ ಬಳೆ, ಹರಿಯಿತು. ಮೇಡಂ ಹತ್ತಿರ ಹೊಸದು ಕೇಳಿದರೆ ತಾನು ಸೋತಂತೆ. ಕಾಯುವ ಪಂಪಿನದನ್ನೇ ಬಿಚ್ಚಿ ಇದಕ್ಕೆ ಹಾಕಿದ. ಹಸಿರು ಬಿಲ್ಲೆ ಮಾತ್ರ ಇದ್ದಲ್ಲೇ ಇತ್ತು. ಮೂರು ಸೋಮವಾರ ಪಾಳಿ ಬದಲಾಗಲಿಲ್ಲ, ಯಾರೂ ಕೇಳಲಿಲ್ಲ.

ಆ ಬೆಳಿಗ್ಗೆ ಓಡುವ ಪಂಪು ಕೀರಲು ದನಿ ತೆಗೆಯಿತು. ಬೇರಿಂಗ್ ಸವೆದಿದೆ ಎಂದು ಅವನ ಕಿವಿಗೆ ಗೊತ್ತು. ಇವತ್ತು ಓಡಬಹುದು, ಅರ್ಧದಲ್ಲಿ ನಿಲ್ಲಲೂಬಹುದು. ಹನ್ನೊಂದಕ್ಕೆ ಯಂತ್ರಕ್ಕೆ ಕೂರಬೇಕಾದವರಲ್ಲಿ ಅವನ ಸ್ವಂತ ಅಕ್ಕನೂ ಇದ್ದಳು.

ಮೇಲೆ ಹೋಗಿ ನೋಡಿದ. ಅಕ್ಕನ ಕಾಲು ಊದಿತ್ತು, ಬಾಯಿ ಊದಿರಲಿಲ್ಲ. "ಏನೋ, ಮುಖ ಸುಟ್ಟ ಬದನೆಕಾಯಿ ಥರ ಆಗಿದೆ?"

"ಅಕ್ಕಾ, ಎರಡನೇ ಪಂಪು ಬರೀ ಡಬ್ಬ ಕಣೇ. ನಾನೇ ಬಿಚ್ಚಿದ್ದು."

"ನನ್ನ ಹತ್ರ ಯಾಕೆ ಹೇಳ್ತೀಯಾ? ನಾನೇನು ಸೀಲು ಹಡೀತೀನಾ? ಆ ಮೇಡಂ ಹತ್ರ ಹೋಗು."

ಮೆಟ್ಟಿಲು ಇಳಿದು ಬಿಲ್ಲೆ ಕಿತ್ತುಕೊಂಡ. ಮೇಡಂ ಮೇಜಿನ ಮೇಲಿಟ್ಟ. "ಎರಡು ಅಂತ ನಂಬಿಸಿದೀನಿ ಮೇಡಂ. ಇರೋದು ಒಂದೇ, ಅದೂ ನರಳ್ತಿದೆ. ಸೀಲು ಸಿಗೋ ತನಕ ಯಾರನ್ನೂ ಕೂರಿಸ್ಬೇಡಿ."

ಮೇಡಂ ಕೆಂಪಾದರು. "ನಿಮ್ಮನ್ನ ಮನೆಗೆ ಕಳಿಸ್ಬೇಕು!"

"ಕಳಿಸಿ. ಮೊದ್ಲು ಸೀಲು ತರಿಸಿ."

ಬೈಯುತ್ತಲೇ ಅವರು ಫೋನ್ ಎತ್ತಿದರು. ಮೂರನೇ ಕರೆಗೆ ಪಕ್ಕದ ಆಸ್ಪತ್ರೆಯವರು ಒಂದು ಸೀಲು ಕೊಡಲು ಒಪ್ಪಿದರು. ಹನ್ನೆರಡಕ್ಕೆ ಬಂತು. ಒಂದಕ್ಕೆ ಎರಡನೇ ಪಂಪು ಗುಂಯ್ ಎಂದಿತು. ಎರಡು ತಾಸು ತಡವಾಗಿ ಅಕ್ಕ ಯಂತ್ರಕ್ಕೆ ಕೂತಳು. "ಇಷ್ಟು ಹೊತ್ತು ಮದುವೆ ಹೆಣ್ಣೂ ಕಾದಿರಲ್ಲ ಬಿಡು" ಎಂದಳು.

ಮೇಸ್ತ್ರಿಯನ್ನು ಮನೆಗೆ ಕಳಿಸಲಿಲ್ಲ. ಬಿಲ್ಲೆ ಮಾತ್ರ ಮೇಡಂ ಮೇಜಿನ ಮೇಲೇ ಉಳಿಯಿತು. ಮೊದಲ ಪಂಪಿಗೆ ಬೇರಿಂಗ್ ಬರುವ ತನಕ 'ಸಿದ್ಧ' ಎನ್ನಲು ಕಾಯುವ ಪಂಪೇ ಇರಲಿಲ್ಲವಲ್ಲ! ಫೈಲು ತೆಗೆದರೂ, ಚಹಾ ಲೋಟ ಇಟ್ಟರೂ ಅದು ಅವರ ಕೈಗೆ ತಾಗುತ್ತಿತ್ತು.

ಐದನೇ ದಿನ ಮೇಡಂ ತಾವೇ ನೆಲಮಾಳಿಗೆಗೆ ಇಳಿದರು. ಕಂಕುಳಲ್ಲಿ ಒಂದು ಪೆಟ್ಟಿಗೆ: ಬೇರಿಂಗ್ ಎರಡು ಜೊತೆ, ಸೀಲು ನಾಲ್ಕು.

"ತಗೊಳ್ರೀ. ನನ್ನ ಮೇಜು ಖಾಲಿ ಮಾಡಿ" ಎಂದು ಬಿಲ್ಲೆಯನ್ನು ಅವನ ಅಂಗೈಗೆ ಕುಕ್ಕಿದರು.

"ಇನ್ನೊಂದು ಸಲ ಬಿಚ್ಚಿದ್ರೆ ಮತ್ತೆ ಅಲ್ಲಿಗೇ ತಂದಿಡ್ತೀನಿ" ಎಂದ ಮೇಸ್ತ್ರಿ.

"ತಂದಿಡಿ. ಕೂಗಾಡದೆ ತಂದಿಡಿ."

ಅದೊಂದಕ್ಕೆ ಮಾತ್ರ ಅವನು ಮಾತು ಕೊಡಲಿಲ್ಲ.