ಗೋಸಾಯಿಕುಂಡದಲ್ಲಿ ಉಸಿರು ತುಳಿಯುವ ಸುಕುಮಾಯಾ

ಬೆಟ್ಟದ ತುದಿಯ ಗೋಸಾಯಿಕುಂಡ ಸರೋವರದ ನೀರಿನ ಮೇಲೆ ಮಂಜು ಇನ್ನೂ ಕರಗಿಲ್ಲ. ಪಕ್ಕದ ತಗಡಿನ ಶೆಡ್ಡಿನಲ್ಲಿ ಸುಕುಮಾಯಾ ಲೋಪ್ಚನ್ ನಿಂತಲ್ಲೇ ನಿಂತು ಕಾಲುಪಂಪು ತುಳಿಯುತ್ತಿದ್ದಾರೆ. ಪಂಪಿನ ಗಾಳಿ ಹೋಗುವುದು ಉಬ್ಬಿದ ಕೆಂಪು ಚೀಲಕ್ಕೆ; ಎತ್ತರದ ತೆಳುಗಾಳಿಗೆ ಕುಸಿದವರಿಗೆ ಅದರೊಳಗಿನ ಒತ್ತಡ ಬೆಟ್ಟ ಇಳಿದಷ್ಟೇ ಆಸರೆ. ಅದರೊಳಗೆ ಟೀಕಾರಾಮ್ ಎಂಬ ಯಾತ್ರಿಕನನ್ನು ಮಲಗಿಸಿ ಜಿಪ್ ಎಳೆದಿದ್ದಾರೆ. ತುಳಿಯುವುದು ನಿಂತರೆ ಅವನಿಗೆ ಉಸಿರು ಕಟ್ಟುತ್ತದೆ.

ಚೀಲದ ಪುಟ್ಟ ಕಿಟಕಿಗೆ ಬಾಗಿ ಕೂಗುತ್ತಾರೆ: "ಏ ಭಾಯಿ, ಕಣ್ಬಿಡೋ! ಮಲಗೋಕೆ ಇದೇನ್ ನಿಮ್ಮಾವನ ಮನೇನಾ?"

ಒಳಗಿನಿಂದ ಒಂದು ಕೈ ಮೆಲ್ಲಗೆ ಏಳುತ್ತದೆ.

ವರ್ಷವಿಡೀ ಕೆಳಗಿನ ಊರಲ್ಲಿ ಚಮರಿಹಾಲು ಕಾಯಿಸುವ ಸುಕುಮಾಯಾ ನೂಲಹುಣ್ಣಿಮೆಗೆ ಯಾತ್ರಿಕರಿಗಾಗಿ ನಡೆಯುವ ಈ ವೈದ್ಯಕೀಯ ಶಿಬಿರಕ್ಕೆ ಬರುತ್ತಾರೆ. ಬಸ್ಸಿಳಿದ ಜನ ಉಪವಾಸದಲ್ಲೇ ದಡಬಡನೆ ಬೆಟ್ಟ ಏರಿಬಿಡುತ್ತಾರೆ. "ತಲೆ ಸಿಡೀತಿದ್ರೂ ಇಳಿಯಲ್ಲ. ಮಹಾದೇವ ಪರೀಕ್ಷೆ ಮಾಡ್ತಿದಾನೆ ಅಂತಾರೆ. ಬಾಯಲ್ಲಿ ನೊರೆ ಬಂದ್ಮೇಲೆ ನಮ್ಮ ಹತ್ರ ಹೊತ್ಕೊಂಡು ಬರ್ತಾರೆ."

ನಿನ್ನೆ ಸಂಜೆ ಹಾಗೆ ಬಂದವರು ಇಬ್ಬರು. ಟೀಕಾರಾಮ್ ಮತ್ತು ಮುದುಕಿ ಹೀರಾಕೇಶರಿ. ಉಳಿದದ್ದು ಆಮ್ಲಜನಕದ ಒಂದೇ ಸಿಲಿಂಡರು. ಹೊರುವ ಆಳೂ ಒಬ್ಬನೇ, ಗ್ಯಾಲ್ಬು. ಮಂಜಿನಿಂದಾಗಿ ಹೆಲಿಕಾಪ್ಟರ್ ಬರುವಂತಿರಲಿಲ್ಲ. ಡಾಕ್ಟರು ಟೀಕಾರಾಮನನ್ನು ಚೀಲಕ್ಕೆ ಹಾಕಿಸಿ, ಸಿಲಿಂಡರಿನ ಜೊತೆ ಮುದುಕಿಯನ್ನು ಗ್ಯಾಲ್ಬುವಿನ ಬೆನ್ನ ಮೇಲೆ ಕೆಳಕ್ಕೆ ಕಳಿಸಿದರು. ಸಿಲಿಂಡರು ದಾರಿಯುದ್ದಕ್ಕೂ ಬರಲೆಂದು ಸುಕುಮಾಯಾ ಅದರ ಗಾಳಿಯನ್ನು ಸಣ್ಣಗೆ ಬಿಟ್ಟಿದ್ದರು.

"ದಿದಿ, ಅಮ್ಮ ಒದ್ದಾಡ್ತಿದಾಳೆ. ತಿರುಪು ಪೂರ್ತಿ ತಿರುಗ್ಸಿ," ಎಂದು ಮುದುಕಿಯ ಮಗ ಅವರ ಕೈ ಹಿಡಿದುಕೊಂಡಿದ್ದ.

"ತಿರುಗ್ಸಿದ್ರೆ ಅರ್ಧ ದಾರೀಲೇ ಖಾಲಿ ಆಗತ್ತಪ್ಪ. ಬೇಗ ಇಳೀರಿ."

ಈಗ ಗ್ಯಾಲ್ಬು ಒಬ್ಬನೇ ಹತ್ತಿ ಬರುತ್ತಿದ್ದಾನೆ. ಬೆನ್ನ ಬುಟ್ಟಿಯಲ್ಲಿ ಸಿಲಿಂಡರು. ಬಾಗಿಲಲ್ಲಿ ಇಳಿಸಿ, ಮುಖ ತಪ್ಪಿಸಿ ಹೇಳುತ್ತಾನೆ: "ಕಾಡು ಶುರುವಾಗೋ ಹೊತ್ಗೆ ಹೋಗ್ಬಿಟ್ಳು ದಿದಿ. ಇದ್ರಲ್ಲಿನ್ನೂ ಗಾಳಿ ಇದೆ."

ಸುಕುಮಾಯಾ ಸಿಲಿಂಡರಿನ ಮಾಪಕದ ಮುಳ್ಳು ನೋಡುತ್ತಾರೆ. ಇದೆ. ಪೂರ್ತಿ ತಿರುಗಿಸಿದ್ದರೂ ಆಕೆ ಬದುಕುತ್ತಿದ್ದುದು ಅನುಮಾನ ಎನ್ನುತ್ತಾರೆ ಡಾಕ್ಟರು. ಸುಕುಮಾಯಾ ಪಂಪಿನಿಂದ ಕಾಲು ತೆಗೆಯುತ್ತಾರೆ. ಚೀಲದ ಜಿಪ್ ಬಿಚ್ಚಿ, ಮುದುಕಿಯ ಮುಖದಲ್ಲಿದ್ದ ಮಾಸ್ಕನ್ನು ಒರೆಸಿ ಟೀಕಾರಾಮನಿಗೆ ಕಟ್ಟುತ್ತಾರೆ. ಮತ್ತೆ ಸಣ್ಣಗೇ ತಿರುಗಿಸುತ್ತಾರೆ. ಗ್ಯಾಲ್ಬು ಅವನನ್ನು ಬೆನ್ನಿಗೇರಿಸಿಕೊಂಡು ಇಳಿಯುತ್ತಾನೆ.

ಮಧ್ಯಾಹ್ನದ ಹೊತ್ತಿಗೆ ಕೆಳಗಿನಿಂದ ಸುದ್ದಿ ಬರುತ್ತದೆ. ಟೀಕಾರಾಮ್ ಎದ್ದು ಕೂತು ಗಂಜಿ ಕುಡಿದಿದ್ದಾನೆ.

ಊದಿದ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತ ಸುಕುಮಾಯಾರನ್ನು ನಿಮ್ಮ ಆಸೆಯೇನು ಎಂದು ಕೇಳಿದರೆ ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಾರೆ.

"ಒಂದೇ ಒಂದ್ಸಲ, ಕೇಳಿದೋರಿಗೆ ಪೂರ್ತಿ ತಿರುಗಿಸಿ ಕೊಡ್ಬೇಕು."